ಸೂಚೀಚಿಕಿತ್ಸೆ: ಹಿರಿಮೆ ಮತ್ತು ಮೇರೆ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ಲೋಕರೂಢಿಯ ಮಾತು. ನೋವನ್ನುಂಟುಮಾಡುವ ವಸ್ತುವಿನಿಂದಲೇ ನೋವನ್ನು ನೀಗಬಹುದೆಂಬ ಭಾವ ಅದರಲ್ಲಿ ಅಡಗಿದೆ. ಈ ಮಾತನ್ನು ಅಕ್ಷರಶಃ ಆಚರಣೆಗೆ ತಂದ ವೈದ್ಯಪದ್ಧತಿಯೊಂದು ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ರೂಪುಗೊಂಡಿತು. ಕೂದಲೆಳೆಯಂತಹ ಸೂಜಿಗಳನ್ನು ಶರೀರದ ಗೊತ್ತಾದ ಸ್ಥಾನಗಳಲ್ಲಿ ಚುಚ್ಚಿ ರೋಗಶಮನಕ್ಕೆ ಯತ್ನಿಸುವ ಆ ಪದ್ಧತಿಗೆ ಅಕ್ಯುಪಂಕ್ಚರ್ ಎಂದು ಹೆಸರು. ಇಂದು ಅದು ಚೀನಾದ ಎಲ್ಲೆಯನ್ನು ದಾಟಿ ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಕರ್ನಾಟಕದ ನಗರಗಳಲ್ಲಿಯೂ ಅದರ ನಾಮಫಲಕಗಳು ಕಣ್ಣಿಗೆ ಬೀಳುತ್ತವೆ. ಅದನ್ನು ಸರ್ವರೋಗಪರಿಹಾರಕವೆಂದು ಹೊಗಳುವವರು ಒಂದು ಕಡೆ, ಬರಿಯ ಮಂಕುಬೂದಿಯೆಂದು ತೆಗಳುವವರು ಇನ್ನೊಂದು ಕಡೆ. ಈ ಎರಡು ಅತಿಗಳ ನಡುವೆ ಸಿಕ್ಕಿಕೊಂಡವನು ನೋವಿನಿಂದ ಬಳಲುವ ರೋಗಿ. ಈ ಚಿಕಿತ್ಸೆ ಯಾವ ಬೇನೆಗೆ ಒದಗೀತು, ಯಾವುದಕ್ಕೆ ಒದಗಲಾರದು, ಅದರಿಂದ ಅಪಾಯವುಂಟೆ ಎಂಬ ಮೂರು ಪ್ರಶ್ನೆಗಳಿಗೆ ಅವನಿಗೆ ಉತ್ತರ ಬೇಕಾಗಿದೆ. ಆ ಉತ್ತರಗಳನ್ನು ಇತಿಹಾಸ ಹಾಗೂ ಪ್ರಯೋಗಗಳ ಆಧಾರದಿಂದ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಸರಿನ ಅರ್ಥ

ಅಕ್ಯುಪಂಕ್ಚರ್ ಎಂಬುದು ಚೀನೀ ಶಬ್ದವಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಅಕುಸ್' ಎಂದರೆ ಸೂಜಿ, 'ಪುಂಕ್ತುರ' ಎಂದರೆ ಚುಚ್ಚುವಿಕೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಜಪಾನಿನಲ್ಲಿ ಕೆಲಕಾಲವಿದ್ದ ವಿಲೆಮ್ ಟೆನ್ ರೈನೆ ಎಂಬಾತನು ಅಲ್ಲಿ ಕಂಡ ಚಿಕಿತ್ಸೆಯನ್ನು ವರ್ಣಿಸಿ 1683ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದ ಮೂಲಕ ಈ ಹೆಸರು ಯುರೋಪಿನಲ್ಲಿ ಹರಡಿತು. ಚೀನೀಯರು ಈ ವಿದ್ಯೆಯನ್ನು 'ಝೆನ್‌ಜಿಯು' ಎಂದು ಕರೆಯುತ್ತಾರೆ. ಇದು ಜೋಡುಪದ. 'ಝೆನ್' ಎಂದರೆ ಸೂಜಿ. 'ಜಿಯು' ಎಂದರೆ ಒಣಗಿಸಿದ ಮೂಲಿಕೆಯನ್ನು ಹೊತ್ತಿಸಿ ಚರ್ಮಕ್ಕೆ ಕಾವು ಕೊಡುವುದು. ಈ ಎರಡನೆಯ ಪದದ ಲಿಪಿಸಂಕೇತದಲ್ಲಿ ಮೇಲ್ಗಡೆ 'ದೀರ್ಘಕಾಲ' ಎಂಬ ಅರ್ಥದ ಗುರುತೂ ಕೆಳಗಡೆ 'ಬೆಂಕಿ' ಎಂಬ ಅರ್ಥದ ಗುರುತೂ ಇರುವುದು ಸ್ವಾರಸ್ಯಕರವಾಗಿದೆ. ಕಾವಿಗೆ ಬಳಸುವ ಮೂಲಿಕೆಯು ಮಾಚಿಪತ್ರೆ, ದವನ ಇವುಗಳ ಕುಲಕ್ಕೆ ಸೇರಿದ ಗಿಡದ ಎಲೆ. ಹಳ್ಳಿಗಳಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕುವ ಕ್ರೂರಪದ್ಧತಿಗೂ ಇದಕ್ಕೂ ಹೋಲಿಕೆಯಿಲ್ಲ. ಇಂದಿನ ಕ್ರಮದಲ್ಲಿ ಚರ್ಮವು ಸುಡಬಾರದು, ಹಿತವಾಗಿ ಬಿಸಿಯೇರಬೇಕು.

ಕನ್ನಡದಲ್ಲಿ ಇದನ್ನು ಸೂಚೀಚಿಕಿತ್ಸೆ ಎನ್ನಬಹುದು. ಸಂಸ್ಕೃತದ 'ಸೂಚಿ'ಯೇ ಕನ್ನಡದಲ್ಲಿ 'ಸೂಜಿ' ಎಂಬ ತದ್ಭವವಾಗಿದೆ. ಸೂಜಿಯಿಲ್ಲದೆ ಬೆರಳಿನಿಂದ ಅದೇ ಸ್ಥಾನಗಳನ್ನು ಒತ್ತುವ ಕ್ರಮಕ್ಕೆ ಅಕ್ಯುಪ್ರೆಷರ್ ಎಂದು ಹೆಸರು. ಇವೆರಡನ್ನೂ ಒಂದೆಂದು ಭ್ರಮಿಸಬಾರದು.

ಹುಟ್ಟು ಮತ್ತು ಬೆಳವಣಿಗೆ

ಈ ಪದ್ಧತಿಯು ಐದು ಸಾವಿರ ವರ್ಷಗಳಷ್ಟು ಹಳೆಯದೆಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ದೊರೆತಿರುವ ಆಧಾರಗಳು ಅಷ್ಟು ದೂರ ಹೋಗುವುದಿಲ್ಲ. ಚೀನಾದ ಮಾವಾಂಗ್‌ದ್ವೇ ಎಂಬಲ್ಲಿ 1973ರಲ್ಲಿ ಅಗೆದ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕಿದವು. ಆ ಸಮಾಧಿಯನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಆ ಬರಹಗಳಲ್ಲಿ ಶರೀರದ ನಾಡೀಮಾರ್ಗಗಳ ಪ್ರಸ್ತಾಪವಿದೆ, ಮೂಲಿಕೆಯ ಕಾವಿನ ಪ್ರಸ್ತಾಪವಿದೆ. ಮಾರ್ಗಗಳ ಮೇಲೆ ಸೂಜಿ ಚುಚ್ಚುವ ಚಿಕಿತ್ಸೆಯ ಮಾತು ಮಾತ್ರ ಇಲ್ಲ. ಮಾನ್‌ಚೆಂಗ್ ಎಂಬಲ್ಲಿ 1968ರಲ್ಲಿ ಅಗೆದ ರಾಜಕುಮಾರ ಲ್ಯೂ ಶೆಂಗ್‌ನ ಸಮಾಧಿಯಲ್ಲಿ ಚಿನ್ನ ಹಾಗೂ ಬೆಳ್ಳಿಯ ಸೂಜಿಗಳು ದೊರೆತವು. ಆ ರಾಜಕುಮಾರನು ಕ್ರಿ.ಪೂ. 113ರಲ್ಲಿ ತೀರಿಕೊಂಡವನು. ಈ ವಿದ್ಯೆಯನ್ನು ಶಾಸ್ತ್ರರೂಪದಲ್ಲಿ ಮೊದಲು ನಿರೂಪಿಸಿದ ಗ್ರಂಥವಾದ 'ಹ್ವಾಂಗ್‌ದಿ ನೇಯ್‌ಜಿಂಗ್' ಕ್ರಿ.ಪೂ. ಎರಡನೆಯ ಮತ್ತು ಒಂದನೆಯ ಶತಮಾನಗಳ ಸುಮಾರಿಗೆ ಸಂಕಲನಗೊಂಡಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಹೆಸರಿನ ಅರ್ಥ 'ಪೀತಸಾಮ್ರಾಟನ ಅಂತರಂಗಶಾಸ್ತ್ರ' ಎಂದು. ಸಾಮ್ರಾಟನು ಪ್ರಶ್ನಿಸುತ್ತಾನೆ, ಚೀಬೋ ಎಂಬ ವೈದ್ಯಾಚಾರ್ಯನು ಉತ್ತರಿಸುತ್ತಾನೆ. ಭಾರತೀಯ ಶಾಸ್ತ್ರಗ್ರಂಥಗಳ ಗುರುಶಿಷ್ಯಸಂವಾದವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಅದರ ಎರಡನೆಯ ಭಾಗದಲ್ಲಿ ಒಂಬತ್ತು ಬಗೆಯ ಸೂಜಿಗಳ ಆಕಾರ ಹಾಗೂ ಉಪಯೋಗಗಳನ್ನು ವಿವರಿಸಲಾಗಿದೆ.

ಕ್ರಿ.ಶ. ಮೂರನೆಯ ಶತಮಾನದಲ್ಲಿ ಹ್ವಾಂಗ್‌ಫು ಮೀ ಎಂಬ ವೈದ್ಯನು ಅಂದಿನವರೆಗಿನ ಜ್ಞಾನವನ್ನು ಒಟ್ಟುಗೂಡಿಸಿ ಸೂಚೀಚಿಕಿತ್ಸೆಗೇ ಮೀಸಲಾದ ಗ್ರಂಥವನ್ನು ರಚಿಸಿದನು. ಆದರೆ ಪ್ರತಿಕಾರರ ಕೈಯಲ್ಲಿ ಪಾಠಗಳು ಕೆಟ್ಟು, ಸ್ಥಾನಗಳ ವಿಷಯದಲ್ಲಿ ಗೊಂದಲಗಳು ಬೆಳೆದವು. ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಈ ಕಷ್ಟವೇನೆಂಬುದು ಚೆನ್ನಾಗಿ ತಿಳಿದಿರುತ್ತದೆ. ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ಅರ್ಥ ಕೆಟ್ಟೀತು. ವೈದ್ಯಗ್ರಂಥದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಸೋಂಗ್ ವಂಶದ ಸಾಮ್ರಾಟನ ಆಜ್ಞೆಯಂತೆ ವಾಂಗ್ ವೇಯಿ ಎಂಬ ವೈದ್ಯನು ಸ್ಥಾನಗಳನ್ನೆಲ್ಲ ಪರಿಶೋಧಿಸಿ, 1027ರಲ್ಲಿ ಆಳೆತ್ತರದ ಎರಡು ಕಂಚಿನ ಪುರುಷಪ್ರತಿಮೆಗಳನ್ನು ಎರಕಹೊಯ್ಯಿಸಿದನು. ಪ್ರತಿಮೆಯ ಮೈಮೇಲೆ ಒಂದೊಂದು ಸ್ಥಾನಕ್ಕೂ ಒಂದೊಂದು ರಂಧ್ರ. ಪರೀಕ್ಷೆಯ ದಿನ ಪ್ರತಿಮೆಗೆ ಮೇಣವನ್ನು ಬಳಿದು ರಂಧ್ರಗಳನ್ನು ಮರೆಮಾಡಿ, ಒಳಗೆ ನೀರು ತುಂಬಿಸುತ್ತಿದ್ದರೆಂದು ಹೇಳುತ್ತಾರೆ. ವಿದ್ಯಾರ್ಥಿಯು ಸರಿಯಾದ ಸ್ಥಾನದಲ್ಲಿ ಚುಚ್ಚಿದರೆ ನೀರು ಜಿನುಗುವುದು. ತಪ್ಪಿದರೆ ಸೂಜಿಯೇ ಒಳಹೋಗದು. ರೋಗಿಯ ಮೈಯನ್ನು ಮುಟ್ಟುವ ಮೊದಲು ಕಂಚಿನ ಮೈಯಲ್ಲಿ ಉತ್ತೀರ್ಣನಾಗಬೇಕೆಂಬ ಈ ನಿಯಮವು ಯಾವ ವಿದ್ಯಾಲಯಕ್ಕಾದರೂ ಮಾದರಿಯಾಗತಕ್ಕದ್ದು.

ಮುಂದೆ ಮಿಂಗ್ ವಂಶದ ಕಾಲದಲ್ಲಿ, 1601ರಲ್ಲಿ, ಯಾಂಗ್ ಜೀಜೌ ಎಂಬಾತನು ಈ ಶಾಸ್ತ್ರದ ಮಹಾಸಂಗ್ರಹವನ್ನು ಹೊರತಂದನು. ಏರಿದ್ದು ಇಳಿಯಲೂ ಬೇಕಷ್ಟೆ. 1822ರಲ್ಲಿ ಚೀನಾದ ಸಾಮ್ರಾಟನೇ ರಾಜವೈದ್ಯಶಾಲೆಯಿಂದ ಸೂಚೀಚಿಕಿತ್ಸೆಯನ್ನು ತೆಗೆದುಹಾಕಿಸಿದನು. ಪಾಶ್ಚಾತ್ಯ ವೈದ್ಯದ ಪ್ರಭಾವ ಹೆಚ್ಚಿದಂತೆ ಅದರ ಗೌರವ ಇನ್ನಷ್ಟು ಕುಗ್ಗಿತು. 1949ರ ಕ್ರಾಂತಿಯ ತರುವಾಯ, ಕೋಟ್ಯಂತರ ಗ್ರಾಮವಾಸಿಗಳಿಗೆ ಸಾಕಾಗುವಷ್ಟು ವೈದ್ಯರಿಲ್ಲದ ಪರಿಸ್ಥಿತಿಯಲ್ಲಿ, ಅಲ್ಪವೆಚ್ಚದ ಈ ದೇಶೀಯ ವಿದ್ಯೆಗೆ ಸರ್ಕಾರ ಮತ್ತೆ ಮನ್ನಣೆ ಕೊಟ್ಟಿತು. 1960ರ ದಶಕದ ಕೊನೆಯಲ್ಲಿ ಹಳ್ಳಿಹಳ್ಳಿಗೆ ಹೊರಟ 'ಬರಿಗಾಲ ವೈದ್ಯ'ರ ಚೀಲದಲ್ಲಿ ಔಷಧಗಳ ಜೊತೆಗೆ ಸೂಜಿಗಳೂ ಇದ್ದವು.

ಪಶ್ಚಿಮದ ಜನರ ಗಮನ ಇತ್ತ ಹರಿದದ್ದು ಒಂದು ಆಕಸ್ಮಿಕದಿಂದ. 1971ರ ಜುಲೈ ತಿಂಗಳಿನಲ್ಲಿ ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ ಎಂಬ ಪ್ರಸಿದ್ಧ ಪತ್ರಕರ್ತರು ಬೀಜಿಂಗ್ ನಗರದಲ್ಲಿದ್ದಾಗ ಅವರಿಗೆ ಅಪೆಂಡಿಸೈಟಿಸ್ ಉಂಟಾಯಿತು. ಶಸ್ತ್ರಚಿಕಿತ್ಸೆಯಾದ ಬಳಿಕ ಹೊಟ್ಟೆಯುಬ್ಬರದಿಂದ ಬಳಲುತ್ತಿದ್ದ ಅವರಿಗೆ ಅಲ್ಲಿನ ವೈದ್ಯರು ಮೊಳಕೈ ಹಾಗೂ ಮೊಣಕಾಲಿನ ಕೆಳಗೆ ಸೂಜಿ ಚುಚ್ಚಿ, ಮೂಲಿಕೆಯ ಕಾವನ್ನೂ ಕೊಟ್ಟರು. ತಮಗೆ ಉಪಶಮನ ದೊರೆತುದನ್ನು ರೆಸ್ಟನ್ನರು ಪತ್ರಿಕೆಯಲ್ಲಿ ಬರೆದರು. ಅವರ ಶಸ್ತ್ರಚಿಕಿತ್ಸೆ ನಡೆದದ್ದು ಎಂದಿನ ಅರಿವಳಿಕೆಯ ಚುಚ್ಚುಮದ್ದಿನಿಂದ. ಸೂಜಿ ಬಂದದ್ದು ಅನಂತರ. ಆದರೂ ಸೂಜಿಯಿಂದಲೇ ಅರಿವಳಿಸಿ ಹೊಟ್ಟೆ ಕೊಯ್ದರೆಂಬ ಕಥೆ ಜಗತ್ತಿನಲ್ಲೆಲ್ಲ ಹಬ್ಬಿತು. ಸುದ್ದಿಯು ಬಾಯಿಂದ ಬಾಯಿಗೆ ಹೋಗುವಾಗ ಹೇಗೆ ಬೆಳೆಯುತ್ತದೆಂಬುದಕ್ಕೆ ಇದೊಂದು ನಿದರ್ಶನ. ಸೂಜಿಯ ಅರಿವಳಿಕೆಯಿಂದ ಶಸ್ತ್ರಚಿಕಿತ್ಸೆ ನಡೆಸುವ ಪ್ರಯತ್ನಗಳೂ ಚೀನಾದಲ್ಲಿ 1958ರಿಂದ ನಡೆದವು. ಅದಕ್ಕೆ ಒಗ್ಗುವ ರೋಗಿಗಳನ್ನು ಆಯ್ದು, ನೋವುನಿವಾರಕ ಔಷಧಗಳನ್ನೂ ಜೊತೆಗೆ ಕೊಡುತ್ತಿದ್ದುದು ಕ್ರಮೇಣ ತಿಳಿದುಬಂದಿತು.

ಶಾಸ್ತ್ರದ ತತ್ತ್ವ

ಚೀನೀ ಶಾಸ್ತ್ರದ ಪ್ರಕಾರ ಶರೀರದಲ್ಲಿ 'ಚೀ' ಎಂಬ ಚೈತನ್ಯವು ಹರಿಯುತ್ತಿರುತ್ತದೆ. ಭಾರತೀಯರ ಪ್ರಾಣವಾಯುವಿನ ಕಲ್ಪನೆಗೆ ಇದು ಹತ್ತಿರದ್ದು. ತಂಪು, ಕತ್ತಲು, ವಿಶ್ರಾಂತಿಗಳ ಸ್ವಭಾವದ 'ಯಿನ್' ಹಾಗೂ ಬಿಸಿ, ಬೆಳಕು, ಚಲನೆಗಳ ಸ್ವಭಾವದ 'ಯಾಂಗ್' ಎಂಬ ಎರಡು ತತ್ತ್ವಗಳು ಸಮತೂಕದಲ್ಲಿದ್ದರೆ ಆರೋಗ್ಯ; ಸಮತೂಕ ತಪ್ಪಿದರೆ ರೋಗ. ಚೀ ಹರಿಯುವ ಮುಖ್ಯಮಾರ್ಗಗಳು ಹನ್ನೆರಡು. ಇವು ಶ್ವಾಸಕೋಶ, ಹೃದಯ, ಯಕೃತ್ತು ಮೊದಲಾದ ಅಂಗಗಳ ಹೆಸರನ್ನು ಹೊತ್ತಿವೆ. ಎದೆಹೊಟ್ಟೆಗಳ ನಡುಗೆರೆ ಹಾಗೂ ಬೆನ್ನಿನ ನಡುಗೆರೆಗಳ ಎರಡು ಮಾರ್ಗಗಳನ್ನು ಸೇರಿಸಿದರೆ ಹದಿನಾಲ್ಕಾಗುತ್ತವೆ. ಈ ಮಾರ್ಗಗಳ ಮೇಲೆ 361 ಬಿಂದುಗಳನ್ನು ಇಂದು ಅಂತಾರಾಷ್ಟ್ರೀಯವಾಗಿ ಗುರುತಿಸಲಾಗಿದೆ. ಹೊಲಕ್ಕೆ ನೀರುಣಿಸುವ ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ರೈತನು ಅಲ್ಲಿ ಗುದ್ದಲಿಯಿಂದ ಬಿಡಿಸಿಕೊಡುವಂತೆ, ಚೀ ತಡೆಗೊಂಡಲ್ಲಿ ಸೂಜಿಯಿಂದ ಬಿಡಿಸಿಕೊಡಬೇಕೆಂಬುದು ಈ ಚಿಕಿತ್ಸೆಯ ಮೂಲಭಾವನೆ.

ಬಿಂದುಗಳಿಗೆ ಚೀನೀಯರು ಇಟ್ಟ ಹೆಸರುಗಳು ಮನೋಹರವಾಗಿವೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಅಂಗೈಯ ಹಿಂಬದಿಯಲ್ಲಿರುವ ಬಿಂದು 'ಹೆಗು', ಎಂದರೆ ಕೂಡುಕಣಿವೆ. ಮಣಿಕಟ್ಟಿನ ಒಳಬದಿಯ ಗೆರೆಯಿಂದ ಎರಡು ಅಂಗುಲ ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಇರುವುದು 'ನೇಯ್‌ಗ್ವಾನ್', ಎಂದರೆ ಒಳಬಾಗಿಲು. ಮೊಣಕಾಲ ಚಿಪ್ಪಿನ ಕೆಳಗೆ, ಹೊರಮಗ್ಗುಲಿನಲ್ಲಿ ಇರುವುದು 'ಝೂಸಾನ್‌ಲಿ', ಎಂದರೆ ಕಾಲಿನ ಮೂರು ಹರದಾರಿ. ಅಲ್ಲಿ ಚುಚ್ಚಿಸಿಕೊಂಡವನು ದಣಿದಿದ್ದರೂ ಇನ್ನಷ್ಟು ದಾರಿ ನಡೆಯಬಲ್ಲನೆಂದು ಆ ಹೆಸರಿಗೆ ವಿವರಣೆ ಕೊಡುತ್ತಾರೆ. ಅಳತೆಯು ವೈದ್ಯನ ಬೆರಳಿನದಲ್ಲ, ರೋಗಿಯ ಬೆರಳಿನದು. ರೋಗಿಯ ಹೆಬ್ಬೆರಳ ಅಗಲವೇ ಒಂದಂಗುಲ. ಆಯುರ್ವೇದದಲ್ಲಿಯೂ 'ಸ್ವಾಂಗುಲಿಪ್ರಮಾಣ' ಎಂಬ ಇಂತಹದೇ ಅಳತೆಯಿದೆ. ಎಳೆಯ ಮಗುವಿಗೂ ಎತ್ತರದ ಆಳಿಗೂ ಒಂದೇ ಅಳತೆಗೋಲು ಸಲ್ಲದೆಂಬ ವಿವೇಕವನ್ನು ಎರಡು ನಾಡುಗಳ ವೈದ್ಯರೂ ಕಂಡುಕೊಂಡಿದ್ದರು.

ಈ ಬಿಂದುಗಳೇ ಆಯುರ್ವೇದದ ಮರ್ಮಸ್ಥಾನಗಳೆಂದೂ ವಿದ್ಯೆಯು ಭಾರತದಿಂದಲೇ ಚೀನಾಕ್ಕೆ ಹೋಯಿತೆಂದೂ ಕೆಲವರು ಹೇಳುವುದುಂಟು. ಸುಶ್ರುತಸಂಹಿತೆಯಲ್ಲಿ 107 ಮರ್ಮಗಳನ್ನು ಹೇಳಿರುವುದು ನಿಜ. ಆದರೆ ಅಲ್ಲಿನ ಉದ್ದೇಶವೇ ಬೇರೆ. ಮರ್ಮಕ್ಕೆ ಪೆಟ್ಟುಬಿದ್ದರೆ ಮರಣವೋ ಅಂಗವೈಕಲ್ಯವೋ ಸಂಭವಿಸೀತು. ಆದುದರಿಂದ ಶಸ್ತ್ರವೈದ್ಯನು ಆ ಸ್ಥಾನಗಳನ್ನು ಕಾಪಾಡಬೇಕೆಂದು ಸುಶ್ರುತನ ಎಚ್ಚರಿಕೆ. ಚೀನೀಯರ ಬಿಂದುವಾದರೋ ಚುಚ್ಚಲೆಂದೇ ಗುರುತಿಸಿದ್ದು. ಒಂದು ತಪ್ಪಿಸಬೇಕಾದ ಸ್ಥಾನ, ಇನ್ನೊಂದು ಮುಟ್ಟಬೇಕಾದ ಸ್ಥಾನ. ಎರಡನ್ನೂ ಒಂದೇ ಎನ್ನುವುದರಿಂದ ಯಾವ ನಾಡಿನ ಕೀರ್ತಿಯೂ ಹೆಚ್ಚುವುದಿಲ್ಲ.

ಚಿಕಿತ್ಸೆಯ ಕ್ರಮ

ವೈದ್ಯನು ಮೊದಲು ರೋಗಿಯ ವೃತ್ತಾಂತವನ್ನು ಕೇಳುತ್ತಾನೆ, ನಾಲಗೆಯನ್ನು ನೋಡುತ್ತಾನೆ, ಎರಡೂ ಮಣಿಕಟ್ಟುಗಳ ನಾಡಿಯನ್ನು ಹಿಡಿದು ಪರೀಕ್ಷಿಸುತ್ತಾನೆ. ಅನಂತರ ರೋಗಿಯನ್ನು ಮಲಗಿಸಿ, ಆಯ್ದ ಬಿಂದುಗಳಲ್ಲಿ ಸೂಜಿಗಳನ್ನು ಇಳಿಸುತ್ತಾನೆ. ಈ ಸೂಜಿಯು ಚುಚ್ಚುಮದ್ದಿನ ಸೂಜಿಯಂತೆ ಟೊಳ್ಳಲ್ಲ, ಗಟ್ಟಿಯಾದುದು. ತುಕ್ಕುಹಿಡಿಯದ ಉಕ್ಕಿನಿಂದ ಮಾಡಿದ್ದು. ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕಾಲುಭಾಗ. ಅದರ ಮೂಲಕ ಯಾವ ಔಷಧವನ್ನೂ ಒಳಗೆ ಬಿಡುವುದಿಲ್ಲ. ಇರುವೆ ಕಚ್ಚಿದಷ್ಟು ನೋವಾಗಬಹುದು. ಬಳಿಕ ಆ ಸ್ಥಾನದಲ್ಲಿ ಜೋಮು, ಭಾರ ಅಥವಾ ಮಂದವಾದ ಸೆಳೆತ ತೋರುತ್ತದೆ. ಚೀ ಬಂದು ತಲಪಿದ ಗುರುತೆಂದು ಚೀನೀ ವೈದ್ಯರು ಇದನ್ನು ಕರೆಯುತ್ತಾರೆ. ಸೂಜಿಗಳನ್ನು ಹದಿನೈದರಿಂದ ಮೂವತ್ತು ನಿಮಿಷ ಹಾಗೆಯೇ ಬಿಡುವುದು ವಾಡಿಕೆ. ಕೆಲವೊಮ್ಮೆ ಅವುಗಳನ್ನು ಮೆಲ್ಲನೆ ತಿರುಗಿಸುವುದೂ, ಸಣ್ಣ ವಿದ್ಯುತ್ ಪ್ರವಾಹವನ್ನು ಹರಿಸುವುದೂ ಉಂಟು. ಹಳೆಯ ನೋವುಗಳಿಗೆ ವಾರಕ್ಕೆ ಒಂದೆರಡು ಬಾರಿಯಂತೆ ಹಲವು ವಾರಗಳ ಚಿಕಿತ್ಸೆ ಬೇಕಾಗುತ್ತದೆ.

ಪ್ರಯೋಗದ ಒರೆಗಲ್ಲು

ಶಾಸ್ತ್ರವು ಹೀಗೆ ಹೇಳುತ್ತದೆ. ಆದರೆ ಶರೀರವನ್ನು ಛೇದಿಸಿ ನೋಡಿದರೆ ರಕ್ತನಾಳಗಳು ಕಾಣುತ್ತವೆ, ನರಗಳು ಕಾಣುತ್ತವೆ. ಚೀ ಹರಿಯುವ ಮಾರ್ಗಗಳು ಪ್ರತ್ಯೇಕವಾಗಿ ಕಾಣುವುದಿಲ್ಲ. ಹಾಗಾದರೆ ನೋವು ಇಳಿಯುವುದು ಹೇಗೆ? 1975ರಲ್ಲಿ ಮೆದುಳಿನೊಳಗೇ ಉತ್ಪನ್ನವಾಗುವ, ಅಫೀಮಿನಂತೆ ನೋವನ್ನು ತಗ್ಗಿಸುವ ದ್ರವ್ಯಗಳು ಪತ್ತೆಯಾದವು. ಇವುಗಳಲ್ಲಿ ಎಂಡಾರ್ಫಿನ್ ಎಂಬ ಹೆಸರು ಪ್ರಸಿದ್ಧವಾಗಿದೆ. ಮರುವರ್ಷವೇ ಕೆನಡಾದ ಬ್ರೂಸ್ ಪೊಮೆರಾನ್ಜ್ ಎಂಬ ವಿಜ್ಞಾನಿಯು ಇಲಿಗಳ ಮೇಲೆ ಪ್ರಯೋಗ ಮಾಡಿ, ಸೂಜಿಯಿಂದುಂಟಾದ ನೋವಿನ ಇಳಿತವು ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧವನ್ನು ಕೊಟ್ಟಾಗ ಇಲ್ಲವಾಗುವುದನ್ನು ಕಂಡನು. 1977ರಲ್ಲಿ ಮನುಷ್ಯರ ಮೇಲೂ ಇಂತಹ ಫಲಿತಾಂಶವೇ ವರದಿಯಾಯಿತು. ಎಂದರೆ ಚುಚ್ಚಿದ ಸೂಜಿಯು ನರಗಳ ಮೂಲಕ ಮೆದುಳಿಗೆ ಸಂದೇಶ ಕಳುಹಿಸಿ, ಅಲ್ಲಿನ ನೋವುನಿವಾರಕ ದ್ರವ್ಯಗಳನ್ನು ಎಚ್ಚರಿಸುತ್ತದೆಂದು ಊಹಿಸಲು ಆಧಾರ ದೊರೆಯಿತು.

ಇಷ್ಟರಿಂದ ಚಿಕಿತ್ಸೆಯ ಫಲ ಸಿದ್ಧವಾಯಿತೆನ್ನಲಾಗದು. ಬೇನೆಗಳಲ್ಲಿ ಹಲವು ತಾವಾಗಿಯೇ ಇಳಿಯುತ್ತವೆ. ವೈದ್ಯನ ಮೇಲಿನ ನಂಬಿಕೆಯಿಂದಲೂ ನೋವು ಕಡಿಮೆಯಾಗುತ್ತದೆ. ಮಾತ್ರೆಯಾದರೆ ಔಷಧವಿಲ್ಲದ ಹುಸಿಮಾತ್ರೆಯನ್ನು ಕೊಟ್ಟು ಹೋಲಿಸಿ ನೋಡಬಹುದು. ಸೂಜಿಗೆ ಹುಸಿಸೂಜಿ ಎಲ್ಲಿಂದ ತರುವುದು? ಜರ್ಮನಿಯ ಸಂಶೋಧಕರು 1998ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ನಾಟಕದ ಕತ್ತಿಯನ್ನು ಚುಚ್ಚಿದಾಗ ಅಲಗು ಹಿಡಿಯೊಳಗೆ ಸರಿಯುವಂತೆ, ಮೊಂಡುಮೊನೆಯ ಈ ಸೂಜಿಯು ಚರ್ಮವನ್ನು ಮುಟ್ಟಿದೊಡನೆ ಹಿಡಿಯೊಳಗೆ ಸರಿಯುತ್ತದೆ. ರೋಗಿಯು ಮಾತ್ರ ತನಗೆ ಸೂಜಿ ಚುಚ್ಚಿದರೆಂದೇ ಭಾವಿಸುತ್ತಾನೆ. ಇದಲ್ಲದೆ ಶಾಸ್ತ್ರೋಕ್ತವಲ್ಲದ ಸ್ಥಾನಗಳಲ್ಲಿ ಮೇಲೆಮೇಲೆ ಚುಚ್ಚಿ ಹೋಲಿಸುವ ಕ್ರಮವೂ ಇದೆ.

ಈ ಬಗೆಯ ಪರೀಕ್ಷೆಗಳಲ್ಲಿ ಪ್ರಸಿದ್ಧವಾದುದು ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸೊಂಟನೋವಿನ ಅಧ್ಯಯನ. ದೀರ್ಘಕಾಲದಿಂದ ಬಳಲುತ್ತಿದ್ದ 1,162 ರೋಗಿಗಳನ್ನು ಮೂರು ತಂಡಗಳನ್ನಾಗಿ ವಿಂಗಡಿಸಲಾಯಿತು. ಒಂದು ತಂಡಕ್ಕೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಎರಡನೆಯದಕ್ಕೆ ಬಿಂದುಗಳಲ್ಲದ ಕಡೆ ಮೇಲೆಮೇಲೆ ಸೂಜಿ, ಮೂರನೆಯದಕ್ಕೆ ಔಷಧ, ವ್ಯಾಯಾಮ ಮೊದಲಾದ ಎಂದಿನ ಚಿಕಿತ್ಸೆ. ಆರು ತಿಂಗಳ ತರುವಾಯ ಲೆಕ್ಕ ಹಾಕಿದಾಗ ಮೊದಲ ತಂಡದಲ್ಲಿ ನೂರಕ್ಕೆ 47.6 ಮಂದಿಗೆ, ಎರಡನೆಯದರಲ್ಲಿ 44.2 ಮಂದಿಗೆ, ಮೂರನೆಯದರಲ್ಲಿ 27.4 ಮಂದಿಗೆ ಗಮನಾರ್ಹ ಸುಧಾರಣೆ ಕಂಡುಬಂದಿತು.

ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ಚಿಂತಿಸಬೇಕು. ಮೊದಲ ಹಾಗೂ ಮೂರನೆಯ ಅಂಕಿಗಳನ್ನು ಮಾತ್ರ ಹೇಳುವವನು ಸೂಜಿಯ ಗುಣಗಾನ ಮಾಡುತ್ತಾನೆ. ಮೊದಲ ಹಾಗೂ ಎರಡನೆಯದನ್ನು ಮಾತ್ರ ಹೇಳುವವನು ಅದೆಲ್ಲ ಹುಸಿಯೆನ್ನುತ್ತಾನೆ. ಇಬ್ಬರೂ ಹೇಳುವುದು ಅರ್ಧಸತ್ಯ. ಸೂಜಿಚಿಕಿತ್ಸೆ ಪಡೆದವರು ಎಂದಿನ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಸುಖ ಕಂಡರೆಂಬುದು ನಿಜ. ಬಿಂದು ಸರಿಯಿದ್ದರೂ ತಪ್ಪಿದರೂ ಫಲದಲ್ಲಿ ಹೆಚ್ಚು ಅಂತರ ಕಾಣಲಿಲ್ಲವೆಂಬುದೂ ಅಷ್ಟೇ ನಿಜ. ಚರ್ಮವನ್ನು ಎಲ್ಲಿ ಚುಚ್ಚಿದರೂ ನರಗಳು ಎಚ್ಚರಗೊಳ್ಳುವುದು, ಅರ್ಧ ಗಂಟೆಯ ವಿಶ್ರಾಂತಿ, ವೈದ್ಯನ ಗಮನ ಹಾಗೂ ಸ್ಪರ್ಶ, ಗುಣವಾದೀತೆಂಬ ನಿರೀಕ್ಷೆ ಇವೆಲ್ಲವೂ ಸೇರಿ ಕೆಲಸ ಮಾಡಿರಬಹುದು. ಕಂಚಿನ ಪ್ರತಿಮೆಯಿಂದ ವಿದ್ಯಾರ್ಥಿಯನ್ನು ಪರೀಕ್ಷಿಸಿದ ಶಾಸ್ತ್ರವು ಇಂದು ತಾನೇ ಪರೀಕ್ಷೆಗೆ ನಿಂತು, ಕೆಲವು ಪ್ರಶ್ನೆಗಳಲ್ಲಿ ಉತ್ತೀರ್ಣವಾಗಿ ಕೆಲವುಗಳಲ್ಲಿ ಸೋತಿದೆ.

ಉಪಯೋಗವಿರುವೆಡೆ, ಇಲ್ಲದೆಡೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1997ರಲ್ಲಿ ಕರೆದ ತಜ್ಞಸಭೆಯು ಶಸ್ತ್ರಚಿಕಿತ್ಸೆಯ ಬಳಿಕ ಹಾಗೂ ಕ್ಯಾನ್ಸರ್ ಔಷಧಗಳಿಂದ ಬರುವ ಓಕರಿಕೆ ವಾಂತಿಗಳಲ್ಲಿಯೂ ಹಲ್ಲಿನ ಶಸ್ತ್ರಚಿಕಿತ್ಸೆಯ ಅನಂತರದ ನೋವಿನಲ್ಲಿಯೂ ಸೂಜಿಯಿಂದ ಫಲವಿದೆಯೆಂದು ನಿರ್ಣಯಿಸಿತು. ಓಕರಿಕೆಗೆ ಬಳಸುವ ಬಿಂದು ಮೇಲೆ ಹೇಳಿದ ಒಳಬಾಗಿಲು ಎಂಬುದೇ. 2018ರಲ್ಲಿ ಪ್ರಕಟವಾದ ಬೃಹತ್ ಸಮೀಕ್ಷೆಯೊಂದು 39 ಪರೀಕ್ಷೆಗಳ 20,827 ರೋಗಿಗಳ ವಿವರಗಳನ್ನು ಕ್ರೋಡೀಕರಿಸಿ, ಹಳೆಯ ಬೆನ್ನುನೋವು, ಕತ್ತುನೋವು, ಭುಜದ ನೋವು, ಮೊಣಕಾಲಿನ ಸಂಧಿವಾತ, ತಲೆನೋವುಗಳಲ್ಲಿ ಸೂಜಿಯು ಹುಸಿಸೂಜಿಗಿಂತ ತುಸು ಮೇಲೆಂದೂ, ಏನೂ ಚುಚ್ಚದಿರುವುದಕ್ಕಿಂತ ಸ್ಪಷ್ಟವಾಗಿ ಮೇಲೆಂದೂ ಕಂಡುಕೊಂಡಿತು. ಅರೆತಲೆನೋವು ಮರುಕಳಿಸುವುದು ಕಡಿಮೆಯಾಗುವುದೆಂದು 2016ರ ಇನ್ನೊಂದು ಸಮೀಕ್ಷೆ ತಿಳಿಸಿತು. ಆದರೂ ತಜ್ಞರಲ್ಲಿ ಒಮ್ಮತವಿಲ್ಲ. ಸೊಂಟನೋವಿಗೆ ಇದನ್ನು ಬಳಸಬೇಡಿರೆಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆ 2016ರಲ್ಲಿ ಹೇಳಿತು. ಬಳಸಬಹುದೆಂದು ಅಮೆರಿಕದ ವೈದ್ಯಸಂಘವೊಂದು 2017ರಲ್ಲಿ ಹೇಳಿತು. ಅದೇ ಬ್ರಿಟಿಷ್ ಸಂಸ್ಥೆ 2021ರಲ್ಲಿ, ಬೇರೆ ಕಾರಣ ತೋರದ ದೀರ್ಘಕಾಲದ ನೋವಿಗೆ ಇದನ್ನು ಪರಿಗಣಿಸಬಹುದೆಂದಿತು. ಸಾಕ್ಷ್ಯ ಒಂದೇ ಆಗಿದ್ದರೂ ತೂಗುವ ತಕ್ಕಡಿಗಳು ಬೇರೆಯಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯು ಇಂತಿಷ್ಟು ರೋಗಗಳಿಗೆ ಅಕ್ಯುಪಂಕ್ಚರನ್ನು ಒಪ್ಪಿದೆಯೆಂದು ಬರೆದ ಫಲಕಗಳನ್ನು ಅಲ್ಲಲ್ಲಿ ಕಾಣಬಹುದು. 1979ರಲ್ಲಿ ಬೀಜಿಂಗಿನ ವಿಚಾರಗೋಷ್ಠಿಯಿಂದ 43 ರೋಗಗಳ ಪಟ್ಟಿಯೊಂದು ಹೊರಟದ್ದು ನಿಜ. ಅದು ಚಿಕಿತ್ಸಕರ ಅನುಭವವನ್ನು ಆಧರಿಸಿತ್ತೇ ಹೊರತು ಕಟ್ಟುನಿಟ್ಟಾದ ಪರೀಕ್ಷೆಗಳನ್ನಲ್ಲ. ಚೀನಾದಲ್ಲಿ ಹುಟ್ಟುಕಿವುಡರಾದ ಮಕ್ಕಳು ಸೂಜಿಯಿಂದ ಕೇಳಿಸಿಕೊಳ್ಳತೊಡಗಿದರೆಂಬ ಸುದ್ದಿ 1970ರ ಸುಮಾರಿಗೆ ಬಹುವಾಗಿ ಹಬ್ಬಿತ್ತು. ಅನಂತರ ಬೇರೆಡೆ ನಡೆದ ಶ್ರವಣಪರೀಕ್ಷೆಗಳಲ್ಲಿ ಅದು ದೃಢಪಡಲಿಲ್ಲ. ಅಂತಹ ಸುದ್ದಿಯನ್ನು ನಂಬಿ ದೂರದೂರದಿಂದ ಮಗುವನ್ನು ಹೊತ್ತು ತಂದ ತಾಯಿತಂದೆಗಳ ಮನಸ್ಸಿಗೆ ಆದ ನೋವನ್ನು ಯಾವ ಸೂಜಿ ತಾನೇ ಇಳಿಸೀತು? ಕೃತಕ ಗರ್ಭಧಾರಣೆಯ ಚಿಕಿತ್ಸೆ ಪಡೆಯುತ್ತಿದ್ದ 848 ಸ್ತ್ರೀಯರ ಮೇಲೆ ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡುಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ಸೂಜಿಗೂ ಹುಸಿಸೂಜಿಗೂ ಭೇದ ಕಾಣಲಿಲ್ಲ.

ಕ್ಯಾನ್ಸರ್ ಗಡ್ಡೆಯನ್ನು ಕರಗಿಸಲು, ಸಕ್ಕರೆಕಾಯಿಲೆಯ ಔಷಧವನ್ನು ಬಿಡಿಸಲು, ಕ್ಷಯವನ್ನು ನೀಗಲು, ಮುರಿದ ಮೂಳೆಯನ್ನು ಕೂಡಿಸಲು ಸೂಜಿಯು ಒದಗದು. ಹಠಾತ್ತಾಗಿ ಬಂದ ಎದೆನೋವು, ಹೊಟ್ಟೆಯ ತೀವ್ರ ನೋವು, ಮುಖ ಸೊಟ್ಟಗಾಗಿ ಕೈಕಾಲು ಬಿದ್ದುಹೋಗುವುದು, ಜ್ವರದೊಡನೆ ಕುತ್ತಿಗೆ ಸೆಟೆಯುವುದು ಇವುಗಳಲ್ಲಿ ಒಂದೊಂದು ಗಳಿಗೆಯೂ ಅಮೂಲ್ಯ. ರೆಸ್ಟನ್ನರ ಪ್ರಸಂಗವನ್ನು ಇಲ್ಲಿ ಮತ್ತೆ ನೆನೆಯಬೇಕು. ಸೂಜಿಯ ತವರೂರಾದ ಚೀನಾದ ವೈದ್ಯರು ಸಹ ಅವರ ಅಪೆಂಡಿಕ್ಸನ್ನು ಕತ್ತಿಯಿಂದಲೇ ತೆಗೆದರು. ಸೂಜಿಯನ್ನು ಬಳಸಿದ್ದು ಆಮೇಲಿನ ಬಾಧೆಗೆ. ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಕ ಅವರಲ್ಲಿತ್ತು.

ಅಪಾಯ ಮತ್ತು ಎಚ್ಚರಿಕೆ

ನುರಿತವರ ಕೈಯಲ್ಲಿ ಈ ಚಿಕಿತ್ಸೆ ಬಹುಮಟ್ಟಿಗೆ ನಿರಪಾಯಕರ. ಬ್ರಿಟನ್ನಿನಲ್ಲಿ 34,407 ಚಿಕಿತ್ಸಾವೇಳೆಗಳನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಭೀರವಾದ ಅನಾಹುತ ಒಂದೂ ಇರಲಿಲ್ಲ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಕುರಿತ 2009ರ ವರದಿಯಲ್ಲಿ ನೂರಕ್ಕೆ 8.6 ಮಂದಿ ಒಂದಲ್ಲ ಒಂದು ತೊಂದರೆಯನ್ನು ಹೇಳಿದರು. ಅವುಗಳಲ್ಲಿ ಬಹುಪಾಲು ರಕ್ತ ಜಿನುಗುವುದು, ಕಂದುವುದು, ನೋವು, ತಲೆಸುತ್ತುಗಳಂತಹ ಸಣ್ಣ ಬಾಧೆಗಳು. ನೂರಕ್ಕೆ 2.2 ಮಂದಿಗೆ ಅದಕ್ಕಾಗಿ ಚಿಕಿತ್ಸೆ ಬೇಕಾಯಿತು. ಇಬ್ಬರಿಗೆ ಮಾತ್ರ ಸೂಜಿಯು ಎದೆಗೂಡನ್ನು ಹೊಕ್ಕು, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿತು. ಇದು ಅಪರೂಪವಾದರೂ ಪ್ರಾಣಾಪಾಯಕರ. ಎದೆ, ಬೆನ್ನು, ಭುಜದ ಮೇಲ್ಭಾಗಗಳಲ್ಲಿ ಆಳವಾಗಿ ಚುಚ್ಚುವವನಿಗೆ ಅಂಗರಚನೆಯ ಜ್ಞಾನ ಎಷ್ಟು ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಚಿಕಿತ್ಸೆಯಾದ ಬಳಿಕ ಎದೆ ಚುಚ್ಚಿದಂತಾಗಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಅಪಾಯ ಸೋಂಕಿನದು. ಒಬ್ಬರ ಮೈಯಿಂದ ತೆಗೆದ ಸೂಜಿಯನ್ನು ಸರಿಯಾಗಿ ಶುದ್ಧಿಗೊಳಿಸದೆ ಇನ್ನೊಬ್ಬರಿಗೆ ಚುಚ್ಚಿದ್ದರಿಂದ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ಹರಡಿದ ಉದಾಹರಣೆಗಳು ಹಿಂದೆ ನಡೆದಿವೆ. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಈ ಚಿಕಿತ್ಸೆಯ ಶಿಕ್ಷಣ ಹಾಗೂ ಸುರಕ್ಷತೆಯ ಬಗೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಒಮ್ಮೆ ಬಳಸಿ ಎಸೆಯುವ, ಮೊಹರು ಮಾಡಿದ ಸೂಜಿಗಳು ಇಂದು ಸುಲಭವಾಗಿ ಸಿಗುತ್ತವೆ. ರೋಗಿಯು ಸಂಕೋಚವನ್ನು ಬಿಟ್ಟು, ಸೂಜಿಯ ಪೊಟ್ಟಣವನ್ನು ತನ್ನ ಕಣ್ಣೆದುರಿನಲ್ಲಿಯೇ ಒಡೆಯುವಂತೆ ಕೇಳಬೇಕು. ಕೇಳಿದ್ದಕ್ಕೆ ಮುನಿಯುವ ಚಿಕಿತ್ಸಕನಿದ್ದರೆ ಅಲ್ಲಿಂದ ಎದ್ದುಬರುವುದೇ ಲೇಸು.

ಗರ್ಭಿಣಿಯರು, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು, ರಕ್ತಸ್ರಾವದ ರೋಗವುಳ್ಳವರು ಮೊದಲೇ ಆ ವಿಷಯವನ್ನು ತಿಳಿಸಬೇಕು. ಕೂಡುಕಣಿವೆಯೇ ಮೊದಲಾದ ಕೆಲವು ಬಿಂದುಗಳನ್ನು ಗರ್ಭಿಣಿಯರಲ್ಲಿ ಚುಚ್ಚಬಾರದೆಂದು ಪರಂಪರೆಯೇ ವಿಧಿಸಿದೆ. ಹೃದಯಕ್ಕೆ ಪೇಸ್‌ಮೇಕರ್ ಇಟ್ಟುಕೊಂಡವರು ವಿದ್ಯುತ್ ಹರಿಸುವ ಸೂಜಿಯಿಂದ ದೂರವಿರಬೇಕು. ಹಸಿದ ಹೊಟ್ಟೆಯಲ್ಲಿ, ಬಹಳ ದಣಿದಾಗ ಚುಚ್ಚಿಸಿಕೊಂಡರೆ ತಲೆಸುತ್ತು ಬರಬಹುದು; ಮಲಗಿಕೊಂಡೇ ಚಿಕಿತ್ಸೆ ಪಡೆಯುವುದು ಕ್ಷೇಮ. ಹುಣ್ಣು, ಸೋಂಕು ಇರುವ ಚರ್ಮದ ಮೇಲೆ ಚುಚ್ಚಬಾರದು. ಎಲ್ಲಕ್ಕಿಂತ ಮಿಗಿಲಾಗಿ, ರೋಗವು ಯಾವುದೆಂದು ವೈದ್ಯರಿಂದ ನಿರ್ಣಯವಾಗುವ ಮೊದಲೇ ನೋವನ್ನು ಮಾತ್ರ ಅಡಗಿಸಲು ಹೋಗಬಾರದು. ನೋವು ಮನೆಯ ಬಾಗಿಲು ಬಡಿಯುವ ಕಾವಲುಗಾರನಿದ್ದಂತೆ. ಅವನು ಕೂಗುತ್ತಿರುವುದೇಕೆಂದು ವಿಚಾರಿಸದೆ ಬಾಯಿ ಮುಚ್ಚಿಸಿದರೆ ಕಳ್ಳನಿಗೇ ಅನುಕೂಲ.

ಭಾರತದಲ್ಲಿ

ಈ ವಿದ್ಯೆ ಭಾರತಕ್ಕೆ ಬಂದ ಬಗೆಯೂ ಸ್ಮರಣೀಯವಾದುದು. ಜಪಾನಿನ ದಾಳಿಗೆ ಸಿಕ್ಕಿ ನರಳುತ್ತಿದ್ದ ಚೀನಾದ ನೆರವಿಗೆಂದು 1938ರಲ್ಲಿ ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳುಹಿಸಿತು. ಕನ್ನಡಿಗರು ಇಂದಿಗೂ ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು ಅವರಲ್ಲೊಬ್ಬರು. ಅವರು ಗಾಯಾಳುಗಳ ಸೇವೆಯಲ್ಲಿಯೇ ದೇಹವನ್ನು ಸವೆಸಿ 1942ರ ಡಿಸೆಂಬರಿನಲ್ಲಿ ಚೀನಾದ ನೆಲದಲ್ಲಿಯೇ ಕಣ್ಮುಚ್ಚಿದರು. ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು ಅವರು ಸ್ವದೇಶಕ್ಕೆ ಹಿಂದಿರುಗಿ, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋದಾಗ ಸೂಚೀಚಿಕಿತ್ಸೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಸೇವೆ ಸಲ್ಲಿಸಲು ಹೋದವರು ವಿದ್ಯೆಯೊಂದನ್ನು ಪಡೆದು ಬಂದಂತಾಯಿತು. ಪಶ್ಚಿಮ ಬಂಗಾಳವು 1996ರಲ್ಲಿ ಈ ಚಿಕಿತ್ಸೆಗಾಗಿಯೇ ಕಾನೂನೊಂದನ್ನು ಮಾಡಿತು. ಭಾರತ ಸರ್ಕಾರವು 2019ರ ಫೆಬ್ರವರಿಯಲ್ಲಿ ಇದನ್ನು ಒಂದು ಚಿಕಿತ್ಸಾಪದ್ಧತಿಯೆಂದು ಮಾನ್ಯಮಾಡಿತು. ಚೀನಾದ ಈ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು 2010ರಲ್ಲಿಯೇ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಪದ್ಧತಿಗೆ ದೊರೆತ ಮನ್ನಣೆಯು ಫಲಕ ಹಾಕಿಕೊಂಡ ಪ್ರತಿಯೊಬ್ಬನಿಗೂ ದೊರೆತ ಯೋಗ್ಯತಾಪತ್ರವೆಂದು ಮಾತ್ರ ತಿಳಿಯಬಾರದು. ಕೆಲವು ದಿನಗಳ ಶಿಬಿರದಲ್ಲಿ ಕಲಿತವನಿಗೂ ವರ್ಷಗಟ್ಟಲೆ ಅಂಗರಚನೆಯನ್ನು ಅಭ್ಯಸಿಸಿದವನಿಗೂ ಭೇದವುಂಟು. ಅದನ್ನು ವಿಚಾರಿಸಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ದೀರ್ಘಕಾಲದ ಕೆಲವು ನೋವುಗಳಲ್ಲಿ, ಅರೆತಲೆನೋವಿನಲ್ಲಿ, ಓಕರಿಕೆಯಲ್ಲಿ ಸೂಚೀಚಿಕಿತ್ಸೆಯು ಇತರ ಚಿಕಿತ್ಸೆಗಳ ಜೊತೆಗೆ ನಿಂತು ನೆರವಾಗಬಲ್ಲುದು. ಹೊಟ್ಟೆಗೆ ಮಾತ್ರೆಯ ಹೊರೆಯನ್ನು ಹೇರಲಾಗದ ವೃದ್ಧರಿಗೆ ಇದೊಂದು ಸಣ್ಣ ಲಾಭವಲ್ಲ. ಆದರೆ ಜೊತೆಗೆ ನಿಲ್ಲತಕ್ಕದ್ದನ್ನು ಎಲ್ಲದರ ಸ್ಥಾನದಲ್ಲಿ ನಿಲ್ಲಿಸಿದಾಗ ಅನರ್ಥ ಒದಗುತ್ತದೆ. ಹಳೆಯದೆಂಬ ಮಾತ್ರಕ್ಕೆ ಒಪ್ಪುವುದೂ, ಪರದೇಶದ್ದೆಂಬ ಮಾತ್ರಕ್ಕೆ ತಳ್ಳುವುದೂ ವಿದ್ಯಾವಂತರಿಗೆ ಸಲ್ಲದ ನಡೆ. ಕೇಳಿದ ಮಾತನ್ನು ಒರೆಗೆ ಹಚ್ಚಿ, ಗಟ್ಟಿಯಿದ್ದಷ್ಟನ್ನು ಕೈಕೊಂಡು, ಉಳಿದುದನ್ನು ಬಿಡುವ ಅಭ್ಯಾಸ ಶಾಲೆಯ ದಿನಗಳಲ್ಲಿಯೇ ಬೆಳೆಯಬೇಕು. ಇಂದು ಈ ಸಂಚಿಕೆಯನ್ನು ಓದುವ ಬಾಲಕಬಾಲಿಕೆಯರಲ್ಲಿ ಕೆಲವರು ಮುಂದೆ ವೈದ್ಯರಾಗುವರು. ಉಳಿದವರೆಲ್ಲರೂ ಒಂದಲ್ಲ ಒಂದು ದಿನ ತಮ್ಮ ಮನೆಯ ಹಿರಿಯರನ್ನು ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವರು. ಅಂದು ಸೂಜಿಯನ್ನು ಕಂಡು ಹೆದರದೆ, ಫಲಕವನ್ನು ಕಂಡು ಮರುಳಾಗದೆ, ಕೇಳಬೇಕಾದ ಪ್ರಶ್ನೆಗಳನ್ನು ವಿನಯದಿಂದಲೂ ಧೈರ್ಯದಿಂದಲೂ ಕೇಳುವಷ್ಟು ತಿಳಿವಳಿಕೆ ಅವರಲ್ಲಿದ್ದರೆ ಕಲಿತ ವಿದ್ಯೆ ಸಾರ್ಥಕವಾದಂತೆ.